ಮಳೆಗಾಲ ಕಳೆದ ಮೇಲೆ ತೋಟದ ಕೋವಿಯನ್ನು ಸ್ವಚ್ಛಗೊಳಿಸುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಜೋಡಿ ನಳಿಗೆಯ 12 ಬೋರ್ (ನಳಿಗೆಯ ಒಳ ಅಗಲದ ಅಳತೆ) ಕೋವಿ ವರ್ಷದ ಬಹುಕಾಲ ಮೂಲೆಯಲ್ಲೇ ನಿಂತಿರುತ್ತದೆ. ಹಾರಿಸಿ ಸವೆದದ್ದಕ್ಕಿಂತ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಮುಟ್ಟದೆ ಇಟ್ಟು ತುಕ್ಕು ಹಿಡಿದದ್ದೇ ನಮ್ಮಲ್ಲಿ ಹೆಚ್ಚು.

ಮೊದಲು ತೋಟಾಗಳನ್ನೆಲ್ಲ (ಕಾರ್ಟ್ರಿಜ್) ಮನೆಯ ಬೇರೆ ಕೋಣೆಯಲ್ಲಿಟ್ಟು ಬನ್ನಿ. ಕೋವಿಯ ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಮಡಚಿ ತೆರೆದು, ನಳಿಗೆಯ ಬುಡದಲ್ಲಿ ತೋಟಾ ಕೂರುವ ಎರಡೂ ಕೋಣೆಗಳು ಖಾಲಿಯಿರುವುದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ಖಚಿತಪಡಿಸಿಕೊಳ್ಳಿ.

ಆಮೇಲೆ ಮುಂದಿನ ಮರದ ತುಂಡನ್ನು ಕಳಚಿ, ನಳಿಗೆಯನ್ನು ಹಿಡಿಯಿಂದ ಬೇರ್ಪಡಿಸಿ, ಬೆಳಕಿನ ಕಡೆ ಹಿಡಿದು ಒಳಗೆ ನೋಡಬೇಕು. ಗೋಡೆಗೆ ಒರಗಿಸಿಟ್ಟ ನಳಿಗೆಯೊಳಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ಅದನ್ನು ಗಮನಿಸದೆ ಹಾರಿಸಿದರೆ ಒಳಗಿನ ಅನಿಲಕ್ಕೆ ದಾರಿ ಸಿಗದೆ ನಳಿಗೆಯೇ ಸಿಡಿಯುವ ಅಪಾಯವಿದೆ. ಈ ಹಂತವನ್ನು ದಯವಿಟ್ಟು ಯಾರೂ ಬಿಡಬಾರದು.

ಕೋಲಿಗೆ ಒಣ ಹತ್ತಿಬಟ್ಟೆ ಸುತ್ತಿ ಹಿಂಬದಿಯಿಂದ ಬಾಯಿಯ ಕಡೆಗೆ ತಳ್ಳಿ. ಬಳಿಕ ಕಂಚಿನ ಬ್ರಷ್‌ಗೆ ಗನ್ ಎಣ್ಣೆ ಹಚ್ಚಿ ಪ್ರತಿ ನಳಿಗೆಯಲ್ಲೂ ಹತ್ತು ಸಲ ಆಡಿಸಿ, ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಒರೆಸಿ, ಕೊನೆಗೆ ತೆಳುವಾಗಿ ಎಣ್ಣೆ ಸವರಿ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಅದು ಚಳಿಗೆ ಗಟ್ಟಿಯಾಗುತ್ತದೆ, ಕಾಲಕ್ರಮೇಣ ಅಂಟಾಗಿ ಕೋವಿಯ ಕುದುರೆಯ (ಟ್ರಿಗರ್) ಭಾಗಗಳಲ್ಲಿ ಕೂರುತ್ತದೆ. ಕಾರವಾರ, ಅಂಕೋಲಾ, ಕುಮಟಾದ ಕರಾವಳಿಯವರು ಗಾಳಿಯ ಉಪ್ಪಿನಿಂದಾಗಿ ತಿಂಗಳಿಗೊಮ್ಮೆಯಾದರೂ ಹೊರಮೈಯನ್ನು ಎಣ್ಣೆಬಟ್ಟೆಯಿಂದ ಒರೆಸುವುದು ಒಳಿತು, ಬೆವರಿದ ಕೈ ತಾಗಿದಾಗಲಂತೂ ಅಂದೇ ಒರೆಸಬೇಕು.

ಚರ್ಮದ ಚೀಲ ತೇವ ಹೀರುವುದರಿಂದ ಕೋವಿಯನ್ನು ಅದರಲ್ಲಿ ಇಡಬೇಡಿ. ಬೀಗವಿರುವ ಒಣ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಮೊದಲ ಒಂದೆರಡು ದಿನ ಬಾಯಿ ಕೆಳಗಾಗಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಹಿಡಿಯ ಮರಕ್ಕೆ ಇಳಿಯುವುದಿಲ್ಲ.

ತೋಟಾಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬಾರದು. ಉಬ್ಬಿದ ಕಾಗದದ ತೋಟಾ, ಬುಡದಲ್ಲಿ ಕಿಲುಬು ಕಟ್ಟಿದ ತೋಟಾ ಬಳಕೆಗೆ ಯೋಗ್ಯವಲ್ಲ. ಹಳೆಯ ಕೋವಿಗಳಲ್ಲಿ ಕೆಲವು 65 ಮಿ.ಮೀ. ಕೋಣೆಯವು. 70 ಮಿ.ಮೀ. ತೋಟಾ ಅವುಗಳಲ್ಲಿ ಸಲೀಸಾಗಿ ಕೂರುತ್ತದೆಯಾದರೂ, ಆ ಅಳತೆ ಹಾರಿಸಿದ ಮೇಲೆ ತುದಿ ಬಿಚ್ಚಿಕೊಂಡಾಗಿನದು. ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಬುಡದ ಅಚ್ಚನ್ನು ಓದಿ, ಅರ್ಥವಾಗದಿದ್ದರೆ ಪರವಾನಗಿ ಪಡೆದ ಕೋವಿ ದುರಸ್ತಿಗಾರರಿಗೆ ತೋರಿಸಿ.

ಖಾಲಿ ತೋಟಾಕ್ಕೆ ಮನೆಯಲ್ಲೇ ಮತ್ತೆ ಮದ್ದು ತುಂಬುವ ಯೋಚನೆಯನ್ನು ಬಿಡಬೇಕು. ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಅದಲ್ಲದೆ, ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯ ಕರಿಮದ್ದಿನ ಅಳತೆಯಲ್ಲೇ ಹೊಗೆರಹಿತ ಮದ್ದನ್ನು ತುಂಬಿದರೆ ಒತ್ತಡ ಹಲವು ಪಟ್ಟು ಹೆಚ್ಚಿ ನಳಿಗೆ ಒಡೆದು ಹಿಡಿದವರ ಕೈ, ಕಣ್ಣು ಹೋಗಬಹುದು.

ಚುನಾವಣೆಯ ವೇಳೆ ಠಾಣೆಯಲ್ಲಿ ಠೇವಣಿಯಿಟ್ಟ ಕೋವಿ ಮನೆಗೆ ಮರಳಿದ ದಿನವೂ, ತೋಟಾ ಹಾಕುವ ಮುನ್ನ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುವಲ್ಲಿಂದಲೇ ಮತ್ತೆ ಆರಂಭಿಸಿ.