ಬಾಕ್ಸಿಂಗ್ ಗಾರ್ಡ್‌ಗಳು: ಯಾವುದು ಏನನ್ನು ಕಾಯುತ್ತದೆ, ಏನನ್ನು ಬಿಟ್ಟುಕೊಡುತ್ತದೆ

ರಿಂಗ್‌ನಲ್ಲಿ ಬಾಕ್ಸರ್‌ಗೆ ಇರುವುದು ಎರಡೇ ಕೈ. ಕಾಯಬೇಕಾದ ಜಾಗಗಳು ಅದಕ್ಕಿಂತ ಬಹಳ ಹೆಚ್ಚು. ಗದ್ದ, ದವಡೆಯ ಎರಡು ಬದಿಗಳು, ಕಣತಲೆ, ಎದೆಗೂಡಿನ ಕೆಳಗಿನ ಮೆತ್ತನೆಯ ಭಾಗ, ಎರಡೂ ಪಕ್ಕೆಗಳು, ಬಲಪಕ್ಕೆಯ ಒಳಗಿರುವ ಯಕೃತ್ತು, ಇವೆಲ್ಲವನ್ನೂ ಒಂದೇ ಕಾಲಕ್ಕೆ ಮುಚ್ಚಬಲ್ಲ ಗಾರ್ಡ್ (ಪೆಟ್ಟು ತಡೆಯಲು ಕೈಗಳನ್ನು ಹಿಡಿಯುವ ಭಂಗಿ) ಯಾವುದೂ ಇಲ್ಲ. ಆದ್ದರಿಂದ ಗಾರ್ಡ್ ಆರಿಸಿಕೊಳ್ಳುವಾಗ ಕೇಳಿಕೊಳ್ಳಬೇಕಾದದ್ದು ಎರಡು ಪ್ರಶ್ನೆಗಳನ್ನು: ಯಾವ ಜಾಗವನ್ನು ತೆರೆದಿಡಲು ನಾನು ಸಿದ್ಧನಿದ್ದೇನೆ, ಆ ಜಾಗವನ್ನು ಕೈಯ ಬದಲು ಯಾವುದರಿಂದ ಕಾಯಬಲ್ಲೆ? ಕಾಲಿನ ನಡೆ, ತಲೆಯ ಚಲನೆ, ಭುಜದ ತಿರುವು, ದೂರದ ಅಂದಾಜು, ಇವುಗಳಲ್ಲಿ ಒಂದಾದರೂ ಆ ಕೆಲಸಕ್ಕೆ ಒದಗಿಬರದಿದ್ದರೆ ಆ ಗಾರ್ಡ್ ನೋಡಲು ಎಷ್ಟೇ ಸೊಗಸಾಗಿದ್ದರೂ ಪ್ರಯೋಜನವಿಲ್ಲ.

ಮುಂದಿನ ವಿವರಣೆಗಳೆಲ್ಲ ಎಡಗೈಯನ್ನು ಮುಂದಿಟ್ಟು ನಿಲ್ಲುವ ಆರ್ಥೊಡಾಕ್ಸ್ ಬಾಕ್ಸರ್‌ಗೆ ಅನ್ವಯಿಸುತ್ತವೆ. ಸೌತ್‌ಪಾಗಳು ಎಡಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು. ಯಕೃತ್ತು ಮಾತ್ರ ಎಲ್ಲರಿಗೂ ಬಲಗಡೆಯೇ ಇರುತ್ತದೆ. ಬಲಬದಿಯನ್ನು ಮುಂದಿಟ್ಟು ನಿಲ್ಲುವ ಸೌತ್‌ಪಾಗೆ ಅದು ಎದುರಾಳಿಯ ಕೈಗೆ ಇನ್ನಷ್ಟು ಹತ್ತಿರವಾಗುವುದರಿಂದ, ಅವರು ಬಲ ಮೊಣಕೈಯ ವಿಷಯದಲ್ಲಿ ಹೆಚ್ಚಿನ ಎಚ್ಚರ ವಹಿಸಬೇಕು.

ಹೊಸಬರು ಮೊದಲು ಕಲಿಯಬೇಕಾದದ್ದು ಹೈ ಗಾರ್ಡ್ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಎರಡೂ ಗ್ಲೌಸ್‌ಗಳನ್ನು ಕೆನ್ನೆಮೂಳೆಯ ಎತ್ತರಕ್ಕೆ ತಂದು, ಮೊಣಕೈಗಳನ್ನು ಪಕ್ಕೆಗಳಿಗೆ ಒತ್ತಿ, ಗದ್ದವನ್ನು ಕೆಳಗಿಳಿಸಿ, ಗ್ಲೌಸ್‌ಗಳ ಮೇಲಂಚಿನಿಂದ ಎದುರಾಳಿಯ ಎದೆಯತ್ತ ನೋಡುತ್ತಿರಬೇಕು. ಕಣ್ಣು ಎದೆಯ ಮೇಲಿದ್ದರೆ ಅವನ ಎರಡೂ ಭುಜಗಳು ನೋಟದೊಳಗೆ ಇರುತ್ತವೆ, ಗುದ್ದು ಹೊರಡುವ ಮೊದಲು ಅಲುಗುವುದು ಭುಜವೇ. ಇಲ್ಲಿ ಬಹಳ ಮಂದಿ ಗಮನಿಸದ ಸಣ್ಣ ಸಂಗತಿಯೊಂದಿದೆ. ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು) ಬರುವ ಹೊತ್ತಿಗೆ ಗ್ಲೌಸ್ ತಲೆಯಿಂದ ಎರಡು ಮೂರು ಇಂಚು ದೂರದಲ್ಲಿದ್ದರೆ, ಆ ಹುಕ್ ನಮ್ಮ ಗ್ಲೌಸನ್ನೇ ತಳ್ಳಿಕೊಂಡು ಬಂದು ನಮ್ಮ ಮುಖಕ್ಕೆ ಬಡಿಯುತ್ತದೆ. ಅದಕ್ಕಾಗಿ ಆ ಬದಿಯ ಕೈಯನ್ನು ಫೋನ್ ಕಿವಿಗೆ ಹಿಡಿದಷ್ಟು ಹತ್ತಿರ ತಂದು, ಗ್ಲೌಸನ್ನು ತಲೆಗೆ ಒತ್ತಿ, ಕುತ್ತಿಗೆಯನ್ನು ಬಿಗಿಹಿಡಿದು, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಹೊರಬಿಡಬೇಕು. ಆಗ ಪೆಟ್ಟಿನ ಬಲ ತಲೆಯೊಂದರ ಮೇಲೆಯೇ ಬೀಳದೆ ತೋಳು, ಭುಜ, ಮುಂಡಗಳಿಗೆ ಹಂಚಿಹೋಗುತ್ತದೆ.

ಹೈ ಗಾರ್ಡ್‌ನ ದೊಡ್ಡ ಗುಣವೆಂದರೆ ಅದು ಸಮಯಪ್ರಜ್ಞೆಯನ್ನು ಅಷ್ಟಾಗಿ ಬೇಡುವುದಿಲ್ಲ. ಗುದ್ದನ್ನು ಸರಿಯಾಗಿ ಗುರುತಿಸದಿದ್ದರೂ ಕೈ ಆಗಲೇ ಅಲ್ಲಿರುತ್ತದೆ. ಎರಡೂ ಕೈಗಳು ಎತ್ತರದಲ್ಲಿಯೇ ಇರುವುದರಿಂದ ತಡೆದ ತಕ್ಷಣ ತಿರುಗಿ ಹೊಡೆಯುವುದೂ ಸುಲಭ. ವಿಂಕಿ ರೈಟ್ 2005ರಲ್ಲಿ ಫೆಲಿಕ್ಸ್ ಟ್ರಿನಿಡಾಡ್‌ನಂತಹ ಬಲಶಾಲಿ ಹೊಡೆತಗಾರನನ್ನು ಇದೇ ಗಾರ್ಡ್‌ನ ಹಿಂದೆ ನಿಂತು, ಬಿಡದೆ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹಾಕುತ್ತಾ, ಹನ್ನೆರಡು ಸುತ್ತುಗಳ ಉದ್ದಕ್ಕೂ ನಿರುತ್ತರಗೊಳಿಸಿದ. ಆದರೆ ಗ್ಲೌಸ್‌ಗಳ ನಡುವೆ ಉಳಿಯುವ ಸಂದಿಯಲ್ಲಿ, ಕೆಳಗಿನಿಂದ ಮೇಲಕ್ಕೆ ಬರುವ ಗುದ್ದಾದ ಅಪ್ಪರ್‌ಕಟ್ ನುಗ್ಗುತ್ತದೆ, ಗ್ಲೌಸ್‌ಗಳು ನೋಟವನ್ನು ಕಿರಿದಾಗಿಸುತ್ತವೆ, ತಲೆಗೆ ಎರಡು ಹುಕ್ ಬಿದ್ದರೆ ಮೊಣಕೈಗಳು ತಾವಾಗಿಯೇ ಮೇಲೇಳುತ್ತವೆ, ಮೂರನೆಯ ಪೆಟ್ಟು ಪಕ್ಕೆಗೆ ಬೀಳುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಇದರೊಳಗೆ ಅವಿತು ಕುಳಿತುಬಿಡುವುದು. 2010ರಲ್ಲಿ ಮ್ಯಾನಿ ಪಕ್ಯಾವೊ ಎದುರು ಜೋಶುವಾ ಕ್ಲಾಟಿ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಗಾರ್ಡ್ ಗಟ್ಟಿಯಾಗಿತ್ತು, ಅವನು ನೆಲಕ್ಕೂ ಬೀಳಲಿಲ್ಲ, ಆದರೆ ಪಕ್ಯಾವೊ ಸಾವಿರಕ್ಕೂ ಹೆಚ್ಚು ಗುದ್ದುಗಳನ್ನು ಎಸೆದ ಆ ಪಂದ್ಯದಲ್ಲಿ ಕ್ಲಾಟಿಯ ಪ್ರತ್ಯುತ್ತರ ತೀರ ಕಡಿಮೆಯಿದ್ದುದರಿಂದ ತೀರ್ಪುಗಾರರೆಲ್ಲರೂ ಅವನ ವಿರುದ್ಧವೇ ಅಂಕ ಕೊಟ್ಟರು.

ಪೀಕಬೂ ಮೇಲ್ನೋಟಕ್ಕೆ ಹೈ ಗಾರ್ಡ್‌ನಂತೆಯೇ ಕಾಣುತ್ತದೆ, ಆದರೆ ಅದರ ಜೀವ ಇರುವುದು ಕೈಯಲ್ಲಲ್ಲ, ತಲೆ ಮತ್ತು ಸೊಂಟದ ಚಲನೆಯಲ್ಲಿ. ತರಬೇತುದಾರ ಕಸ್ ಡಿ'ಅಮಾಟೊ ಬೆಳೆಸಿದ ಈ ಶೈಲಿಯಲ್ಲಿ ಬಾಕ್ಸರ್ ಎದುರಾಳಿಗೆ ಹೆಚ್ಚುಕಡಿಮೆ ನೇರವಾಗಿ ಎದೆಕೊಟ್ಟು, ಗ್ಲೌಸ್‌ಗಳನ್ನು ಕೆನ್ನೆಗಳಿಗೆ ತಾಗಿಸಿ, ಪ್ರತಿ ಹೆಜ್ಜೆಗೂ ತಲೆಯನ್ನು ಎಡಕ್ಕೂ ಬಲಕ್ಕೂ ಜರುಗಿಸುತ್ತಾ ಒಳನುಗ್ಗುತ್ತಾನೆ. ಈ ಗರಡಿಯಿಂದ ಬಂದ ಫ್ಲಾಯ್ಡ್ ಪ್ಯಾಟರ್ಸನ್ 1956ರಲ್ಲಿ 21ನೇ ವಯಸ್ಸಿಗೆ, ಮೈಕ್ ಟೈಸನ್ 1986ರಲ್ಲಿ 20ನೇ ವಯಸ್ಸಿಗೆ ಹೆವಿವೇಟ್ ವಿಶ್ವ ಚಾಂಪಿಯನ್ ಆದರು. ಕುಳ್ಳಗಿದ್ದು ವೇಗವಾಗಿರುವವರಿಗೆ, ಉದ್ದ ಕೈಯವರನ್ನು ಸಮೀಪಿಸಲೇಬೇಕಾದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಆದರೆ ತೊಡೆಗಳೂ ಉಸಿರೂ ಸೋತ ಕ್ಷಣಕ್ಕೆ ತಲೆಯ ಚಲನೆ ನಿಲ್ಲುತ್ತದೆ, ಅದು ನಿಂತರೆ ಉಳಿಯುವುದು ಅಗಲವಾಗಿ ತೆರೆದುಕೊಂಡ ಗುರಿ ಮಾತ್ರ. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಾಸ್ ತನ್ನ ಉದ್ದನೆಯ ಜ್ಯಾಬ್‌ನಿಂದ ಟೈಸನ್‌ನನ್ನು ದೂರವೇ ನಿಲ್ಲಿಸಿ, ಹತ್ತನೆಯ ಸುತ್ತಿನಲ್ಲಿ ಕೆಡವಿದ.

ಶೋಲ್ಡರ್ ರೋಲ್ ಅಥವಾ ಫಿಲ್ಲಿ ಶೆಲ್ ಎಂದು ಕರೆಯುವ ಗಾರ್ಡ್‌ನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಜನ ಅನುಕರಿಸಲು ಹೊರಟು ಅತಿ ಹೆಚ್ಚು ಪೆಟ್ಟು ತಿನ್ನುವುದು ಇದರಲ್ಲಿಯೇ. ಎಡಗೈ ಹೊಟ್ಟೆಗೆ ಅಡ್ಡಲಾಗಿರುತ್ತದೆ, ಎಡಭುಜ ಮೇಲೆದ್ದು ಗದ್ದವನ್ನು ಮರೆಮಾಡುತ್ತದೆ, ಬಲ ಅಂಗೈ ಹೊರಮುಖವಾಗಿ ಗದ್ದದ ಬಲಬದಿಯಲ್ಲಿ ಕಾದಿರುತ್ತದೆ, ಬಲ ಮೊಣಕೈ ಯಕೃತ್ತನ್ನು ಮುಚ್ಚುತ್ತದೆ. ಜ್ಯಾಬನ್ನೂ ಎಡ ಹುಕ್ಕನ್ನೂ ಹಿಡಿಯುವ ಹೊಣೆ ಬಲಗೈಯದು. ಎದುರಾಳಿಯ ಬಲಗೈ ನೇರವಾಗಿ ಬಂದಾಗ ಭಾರವನ್ನು ಹಿಂಗಾಲಿಗೆ ಕೊಟ್ಟು ಮುಂಡವನ್ನು ಬಲಕ್ಕೆ ತಿರುಗಿಸಿದರೆ, ಆ ಗುದ್ದು ಎಡಭುಜದ ಹೊರಮೈಗೆ ತಾಗಿ ಜಾರಿಹೋಗುತ್ತದೆ. ಹಾಗೆ ತಿರುಗಿದ ಮುಂಡದಲ್ಲಿ ನಮ್ಮ ಬಲಗೈಯ ಹೊಡೆತಕ್ಕೆ ಬೇಕಾದ ಬಲ ಆಗಲೇ ಕೂಡಿರುತ್ತದೆ. ತಡೆಯುವ ಚಲನೆಯೇ ಹೊಡೆಯುವ ಸಿದ್ಧತೆಯೂ ಆಗುವುದು ಈ ಗಾರ್ಡ್‌ನ ನಿಜವಾದ ಸೊಬಗು. ಎರಡು ಕಣ್ಣಿಗೂ ಅಡ್ಡವಿಲ್ಲದೆ ಎದುರಾಳಿ ಪೂರ್ತಿಯಾಗಿ ಕಾಣುತ್ತಾನೆ ಎಂಬುದು ಮತ್ತೊಂದು ಲಾಭ.

ಇದರ ಬೆಲೆಯೂ ಅಷ್ಟೇ ದೊಡ್ಡದು. ಎಡಗೈ ಕೆಳಗಿರುವುದರಿಂದ ಮುಖದ ಎಡಭಾಗದ ಕಾವಲು ಸಂಪೂರ್ಣವಾಗಿ ಭುಜದ ಮೇಲೆ ನಿಂತಿದೆ, ತಿರುವು ಒಂದು ಕ್ಷಣ ತಡವಾದರೂ ಬಲಗೈ ಪೆಟ್ಟು ಭುಜವನ್ನು ದಾಟಿ ಒಳಬರುತ್ತದೆ. ಐವತ್ತು ವೃತ್ತಿಪರ ಪಂದ್ಯಗಳಲ್ಲಿ ಐವತ್ತನ್ನೂ ಗೆದ್ದು ನಿವೃತ್ತನಾದ ಫ್ಲಾಯ್ಡ್ ಮೇವೆದರ್ ಈ ಗಾರ್ಡ್‌ನ ಅತ್ಯುತ್ತಮ ಮಾದರಿ; ಅವನನ್ನೇ 2010ರಲ್ಲಿ ಶೇನ್ ಮೋಸ್ಲಿಯ ಬಲಗೈ ಎರಡನೆಯ ಸುತ್ತಿನಲ್ಲಿ ತತ್ತರಿಸುವಂತೆ ಮಾಡಿತ್ತು. ಸೌತ್‌ಪಾ ಎದುರು ನಿಂತಾಗ ಲೆಕ್ಕವೇ ಬದಲಾಗುತ್ತದೆ: ಅವನ ಬಲವಾದ ಕೈ ಎಡಗೈ ಆಗಿರುವುದರಿಂದ ಅದು ನಮ್ಮ ಭುಜದ ಮರೆಯಿಲ್ಲದ ಬಲಬದಿಗೆ ನೇರವಾಗಿ ಬರುತ್ತದೆ, ಗುದ್ದನ್ನು ಜಾರಿಸಲು ಭುಜವೇ ಅಲ್ಲಿರುವುದಿಲ್ಲ. ಆದ್ದರಿಂದ ಹೈ ಗಾರ್ಡ್‌ನಲ್ಲಿ ಕಣ್ಣು ಮುಚ್ಚದೆ ಹೊಡೆತವನ್ನು ನೋಡುವುದು ಅಭ್ಯಾಸವಾಗುವವರೆಗೆ ಯಾರೂ ಇದನ್ನು ಅಭ್ಯಾಸ ಪಂದ್ಯವಾದ ಸ್ಪಾರಿಂಗ್‌ನಲ್ಲಿ ಪ್ರಯೋಗಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕ್ರಾಸ್ ಆರ್ಮ್ ಗಾರ್ಡ್‌ನಲ್ಲಿ ಎರಡೂ ಮುಂಗೈಗಳು ಅಡ್ಡಲಾಗಿರುತ್ತವೆ, ಒಂದು ಗದ್ದದ ಮುಂದೆ, ಇನ್ನೊಂದು ಹೊಟ್ಟೆಯ ಮುಂದೆ. ಆರ್ಚಿ ಮೂರ್ ಬಳಸುತ್ತಿದ್ದ ಈ ಗಾರ್ಡನ್ನು ಜಾರ್ಜ್ ಫೋರ್ಮನ್ ತನ್ನ ಎರಡನೆಯ ಇನ್ನಿಂಗ್ಸ್‌ನಲ್ಲಿ ನೆಚ್ಚಿಕೊಂಡಿದ್ದ. 1994ರಲ್ಲಿ 45ನೇ ವಯಸ್ಸಿಗೆ ಅವನು ಹೆವಿವೇಟ್ ವಿಶ್ವ ಪ್ರಶಸ್ತಿಯನ್ನು ಮರಳಿ ಗೆದ್ದ. ನೇರ ಗುದ್ದುಗಳ ನಡುವೆ ಮುನ್ನುಗ್ಗಲು ಇದು ಗಟ್ಟಿಯಾದ ಅಡ್ಡಗೋಡೆ. ಆದರೆ ಅಡ್ಡವಾದ ಕೈ ಬಿಡಿಸಿಕೊಂಡ ಮೇಲೆಯೇ ಹೊಡೆಯಬೇಕಾದ್ದರಿಂದ ಪ್ರತ್ಯುತ್ತರ ತಡವಾಗುತ್ತದೆ, ಪಕ್ಕೆಗಳೂ ತೆರೆದಿರುತ್ತವೆ.

ಲಾಂಗ್ ಗಾರ್ಡ್ ಎತ್ತರದವರ ಆಯುಧ. ಎಡಗೈಯನ್ನು ಚಾಚಿ ಎದುರಾಳಿಯ ಗ್ಲೌಸ್‌ಗೋ ಹಣೆಗೋ ತಾಗಿಸುತ್ತಾ ದೂರವನ್ನು ನಿಯಂತ್ರಿಸುವ ಈ ವಿಧಾನವನ್ನು ವ್ಲಾಡಿಮಿರ್ ಕ್ಲಿಚ್ಕೊ ವರ್ಷಗಟ್ಟಲೆ ಯಶಸ್ವಿಯಾಗಿ ಬಳಸಿದ. ಚಾಚಿದ ಕೈಯ ಕೆಳಗೆ ನುಸುಳಿ ಬರುವವನಿಗೆ ಎಡಪಕ್ಕೆ ಸಿಗುತ್ತದೆ, ಕೈಯನ್ನು ಸುಮ್ಮನೆ ಅಡ್ಡ ಹಿಡಿದರೆ ರೆಫರಿ ಎಚ್ಚರಿಕೆ ಕೊಡಬಹುದು.

ಕೈಗಳನ್ನು ಪೂರ್ತಿ ಕೆಳಗಿಟ್ಟು ಕಾಲು ಮತ್ತು ಕಣ್ಣುಗಳನ್ನೇ ನಂಬುವುದು ಮುಹಮ್ಮದ್ ಅಲಿ, ರಾಯ್ ಜೋನ್ಸ್ ಅಂಥವರಿಗೆ ಒಗ್ಗಿತು. ಆದರೆ ಅವರೂ ಬೆಲೆ ತೆತ್ತರು: 1971ರ ಮಾರ್ಚ್ 8ರಂದು ಜೋ ಫ್ರೇಜಿಯರ್‌ನ ಎಡ ಹುಕ್ ಹದಿನೈದನೆಯ ಸುತ್ತಿನಲ್ಲಿ ಅಲಿಯನ್ನು ನೆಲಕ್ಕೆ ಕೆಡವಿತು. 2004ರಲ್ಲಿ ಆಂಟೋನಿಯೊ ಟಾರ್ವರ್ ಎರಡೇ ಸುತ್ತಿನಲ್ಲಿ ಜೋನ್ಸ್‌ನನ್ನು ನಾಕೌಟ್ ಮಾಡಿದ. ಪ್ರತಿಕ್ರಿಯೆಯ ವೇಗ ವಯಸ್ಸಿನೊಂದಿಗೂ ದಣಿವಿನೊಂದಿಗೂ ಇಳಿಯುತ್ತದೆ, ಅದನ್ನೇ ಆಧಾರವಾಗಿಟ್ಟುಕೊಂಡ ಗಾರ್ಡ್ ಅದರೊಂದಿಗೇ ಕುಸಿಯುತ್ತದೆ. ಕಲಿಯುವವರಿಗೆ ಇದನ್ನು ನಾನು ಸೂಚಿಸುವುದಿಲ್ಲ.

ಅಭ್ಯಾಸ ಮಾಡುವಾಗ ಒಂದು ಸುತ್ತಿಗೆ ಒಂದೇ ಪ್ರಶ್ನೆ ಇರಲಿ. ಮೊದಲ ಮೂರು ನಿಮಿಷ ಜೊತೆಗಾರ ಅರ್ಧ ವೇಗದಲ್ಲಿ ಜ್ಯಾಬ್ ಮಾತ್ರ ಹಾಕಬೇಕು, ನೀವು ತಡೆಯಬೇಕು, ತಿರುಗಿ ಹೊಡೆಯಬಾರದು. ಮುಂದಿನ ಸುತ್ತಿನಲ್ಲಿ ಜ್ಯಾಬ್ ಜೊತೆಗೆ ಬಲಗೈ, ಆಮೇಲೆ ಹುಕ್, ಕೊನೆಗೆ ಹೊಟ್ಟೆಗೂ ತಲೆಗೂ ಬೆರೆಸಿದ ಹೊಡೆತಗಳು ಸೇರಲಿ. ಪೆಟ್ಟುಗಳು ಪದೇ ಪದೇ ಒಂದೇ ಜಾಗಕ್ಕೆ ಬೀಳುತ್ತಿದ್ದರೆ ಗಾರ್ಡ್ ಬದಲಿಸುವ ಮುನ್ನ ಕಾಲುಗಳನ್ನು ನೋಡಿ. ಹೆಚ್ಚಿನ ಸಲ ತಪ್ಪು ಇರುವುದು ದೂರದಲ್ಲಿ, ಕೈಯಲ್ಲಲ್ಲ. ತಡೆದ ನಂತರ ಒಂದಾದರೂ ಗುದ್ದು ಹಿಂತಿರುಗಿಸುವ ನಿಯಮವನ್ನು ಆಮೇಲೆ ಸೇರಿಸಿಕೊಳ್ಳಿ, ಏಕೆಂದರೆ ಉತ್ತರ ಬರುವುದಿಲ್ಲವೆಂದು ಗೊತ್ತಾದ ಎದುರಾಳಿ ನಿಶ್ಚಿಂತೆಯಿಂದ ಸಂದಿ ಹುಡುಕುತ್ತಾನೆ. ಪರೀಕ್ಷೆಯನ್ನು ಮಾತ್ರ ದಣಿದ ಮೇಲೆಯೇ ಮಾಡಬೇಕು: ಪಂಚಿಂಗ್ ಬ್ಯಾಗ್ ಮೇಲೆ ಕೆಲಸ ಮುಗಿಸಿ ತೋಳುಗಳು ಭಾರವಾದಾಗ ಜೊತೆಗಾರನನ್ನು ಕರೆದು, ಹಗುರವಾದ ಒಂದು ಸುತ್ತಿನಲ್ಲಿ ಮೊದಲು ಕೆಳಗಿಳಿಯುವುದು ಯಾವ ಕೈ ಎಂದು ಗಮನಿಸಲು ಹೇಳಿ, ಮರುದಿನದ ಅಭ್ಯಾಸವನ್ನು ಆ ಕೈಯಿಂದಲೇ ಆರಂಭಿಸಿ.