ಮಳೆಗಾಲಕ್ಕೆ ಹಳೇ ಫೋನ್ ತಯಾರು ಮಾಡುವುದು: ಕಸ್ಟಮ್ ಕರ್ನಲ್ ಮತ್ತು ಬ್ಯಾಟರಿ

ಶಿರಸಿಯಿಂದ ಕುಮಟೆಗೆ ಹೋಗುವಾಗ ದೇವಿಮನೆ ಘಟ್ಟಕ್ಕಿಂತ ಮೊದಲು ಒಳರಸ್ತೆಗೆ ತಿರುಗಿದರೆ ಸಿಗುವ ಊರುಗಳಲ್ಲಿ ನಮ್ಮದೂ ಒಂದು. ಜೂನ್ ಹಿಡಿದರೆ ಸಾಕು, ಎಲ್ಲೋ ಮರ ಬಿದ್ದು ಕರೆಂಟ್ ಹೋಗುತ್ತದೆ. ಒಮ್ಮೊಮ್ಮೆ ಎರಡು ದಿನವಾದರೂ ಬರುವುದಿಲ್ಲ. ಫೋನ್ ಜಾಸ್ತಿ ಬೇಕಾಗುವುದೂ ಆಗಲೇ. ಮಳೆ ಹೊಳವಾಗುವ ಲಕ್ಷಣ ಕಂಡ ಕೂಡಲೇ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಬೇಕು, ಅದಕ್ಕೆ ಮರ ಹತ್ತುವ ಕೊನೆಗೌಡರಿಗೆ ಫೋನ್ ಹೋಗಬೇಕು. ಹೀಗಾಗಿ ಬ್ಯಾಟರಿ ಉಳಿಸುವುದು ನಮ್ಮಲ್ಲಿ ಬರೀ ಹವ್ಯಾಸ ಅಲ್ಲ.

ನಾನು ಬಳಸುವುದು 2018ರ ರೆಡ್ಮಿ ನೋಟ್ 5 ಪ್ರೊ. ಸ್ನ್ಯಾಪ್‌ಡ್ರಾಗನ್ 636 ಪ್ರೊಸೆಸರ್, 4000 ಎಂಎಎಚ್ ಬ್ಯಾಟರಿ. ರೂಟ್ ಮಾಡಿ, ಅಂದರೆ ಕಂಪನಿ ಮುಚ್ಚಿಟ್ಟ ಪೂರ್ತಿ ಅಧಿಕಾರ ತಗೊಂಡು, ಕಸ್ಟಮ್ ಕರ್ನಲ್ ಹಾಕಿದ್ದೇನೆ. ಅದರಿಂದ ಚಾರ್ಜ್ ಉಳಿಯುತ್ತದಾ ಅಂತ ಊರಲ್ಲಿ ಬಹಳ ಜನ ಕೇಳುತ್ತಾರೆ. ಉಳಿಯುತ್ತದೆ. ಆದರೆ ಚಾರ್ಜ್ ಎಲ್ಲಿ ಸೋರುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಕರ್ನಲ್ ಹಾಕಿದರೆ ಸುಮ್ನೆ ಕಷ್ಟಪಟ್ಟ ಹಾಗೆ.

ಕರ್ನಲ್ ಅಂದರೆ ಆಂಡ್ರಾಯ್ಡಿನ ತಳದಲ್ಲಿ ಕೂತಿರುವ ಲಿನಕ್ಸ್. ಪ್ರೊಸೆಸರ್ ಈಗ ಎಷ್ಟು ವೇಗದಲ್ಲಿ ಓಡಬೇಕು, ಯಾವ ಕೆಲಸ ಯಾವ ಕೋರಿಗೆ, ಫೋನ್ ಯಾವಾಗ ಪೂರ್ತಿ ನಿದ್ದೆಗೆ ಹೋಗಬಹುದು, ಇದನ್ನೆಲ್ಲ ತೀರ್ಮಾನಿಸುವುದು ಅದೇ. ಲಿನಕ್ಸಿಗೆ ಜಿಪಿಎಲ್ ಎರಡನೇ ಆವೃತ್ತಿಯ ಲೈಸೆನ್ಸ್ ಇದೆ. ಅದರ ಪ್ರಕಾರ ಫೋನ್ ಕಂಪನಿಗಳು ತಮ್ಮ ಕರ್ನಲ್ಲಿನ ಸೋರ್ಸ್ ಕೋಡ್ ಹೊರಗೆ ಕೊಡಬೇಕು. ಆಸಕ್ತರು ಅದನ್ನು ತಗೊಂಡು, ತಿದ್ದಿ, ಹೊಸದಾಗಿ ಬಿಲ್ಡ್ ಮಾಡಿ ಹಂಚುತ್ತಾರೆ. ಅದೇ ಕಸ್ಟಮ್ ಕರ್ನಲ್.

ಯಾವ ಫೋನಿಗೆ ಬೇಡ

ಆಯಿಯ ಫೋನನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಅದರಲ್ಲಿ ಬ್ಯಾಂಕಿನ ಆಪ್ ಇದೆ, ಯುಪಿಐ ಇದೆ. ಬೂಟ್‌ಲೋಡರ್ (ಫೋನ್ ಆನ್ ಆದಾಗ ಮೊದಲು ಓಡಿ ಆಂಡ್ರಾಯ್ಡನ್ನು ಎಬ್ಬಿಸುವ ಪ್ರೋಗ್ರಾಂ) ಅನ್‌ಲಾಕ್ ಮಾಡಿ ರೂಟ್ ಮಾಡಿದ ಫೋನಿನಲ್ಲಿ ಬಹಳಷ್ಟು ಬ್ಯಾಂಕ್ ಆಪ್‌ಗಳು ತೆರೆಯುವುದೇ ಇಲ್ಲ. ರೂಟ್ ಮುಚ್ಚಿಡುವ ಉಪಾಯಗಳು ಇವೆ. ಇವತ್ತು ನಡೆಯುತ್ತವೆ, ನಾಳೆ ಆಪ್ ಅಪ್‌ಡೇಟ್ ಆದಾಗ ನಿಲ್ಲುತ್ತವೆ. ಸೊಸೈಟಿಗೆ ದುಡ್ಡು ಕಟ್ಟುವ ದಿನವೇ ಹಾಗಾದರೆ ಏನು ಮಾಡುವುದು? ದುಡ್ಡಿನ ವ್ಯವಹಾರಕ್ಕೆ ಬೇರೆ ಫೋನ್ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ವಾರಂಟಿ ಇರುವ ಹೊಸ ಫೋನಿಗಂತೂ ಬೇಡವೇ ಬೇಡ.

ಇನ್ನೊಂದು, ಬ್ಯಾಟರಿಯೇ ಸತ್ತಿದ್ದರೆ ಕರ್ನಲ್ ಏನೂ ಮಾಡಲಾರದು. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಸವೆಯುತ್ತ ಬರುತ್ತದೆ. 30 ಪರ್ಸೆಂಟ್ ತೋರಿಸುತ್ತಿದ್ದ ಫೋನ್ ಇದ್ದಕ್ಕಿದ್ದಂತೆ ಆಫ್ ಆದರೆ ಮೊದಲು ಬ್ಯಾಟರಿ ಬದಲಿಸಿ. ಹಿಂದಿನ ಕವರ್ ಉಬ್ಬಿದ್ದರೆ ಆ ಫೋನ್ ಚಾರ್ಜಿಗೆ ಹಾಕಲೇಬೇಡಿ.

ಮೊದಲು ಅಳೆಯಿರಿ

ಇದಕ್ಕೆ ರೂಟ್ ಬೇಡ. ರಾತ್ರಿ ಮಲಗುವಾಗ ಎಷ್ಟು ಪರ್ಸೆಂಟ್ ಇದೆ ಬರೆದಿಡಿ. ಫೋನನ್ನು ದಿನಾ ಇಡುವ ಜಾಗದಲ್ಲೇ ಇಡಿ. ಬೆಳಿಗ್ಗೆ ಎದ್ದು ನೋಡಿ. ಮಾರನೇ ರಾತ್ರಿ ಅದೇ ಜಾಗ, ಅದೇ ಹೊತ್ತು, ಆದರೆ ಏರೋಪ್ಲೇನ್ ಮೋಡ್. ಎರಡನ್ನೂ ಹೋಲಿಸಿ.

ನನ್ನ ಫೋನನ್ನು ಒಳಕೋಣೆಯಲ್ಲಿಟ್ಟರೆ ಏರೋಪ್ಲೇನ್ ಮೋಡಿನ ರಾತ್ರಿ 2 ಅಥವಾ 3 ಪರ್ಸೆಂಟ್ ಇಳಿಯುತ್ತದೆ. ಸಿಮ್ ಆನ್ ಇದ್ದ ರಾತ್ರಿ 15ರ ಹತ್ತಿರ. ಅದೇ ಫೋನನ್ನು ಮೆತ್ತಿಯ (ಮಹಡಿಯ) ಕಿಟಕಿಯ ಹತ್ತಿರ ಇಟ್ಟರೆ 6. ಇಲ್ಲಿ ಚಾರ್ಜ್ ತಿನ್ನುತ್ತಿರುವುದು ಪ್ರೊಸೆಸರ್ ಅಲ್ಲ, ಸಿಗ್ನಲ್ ಹುಡುಕುತ್ತಿರುವ ಮೋಡೆಮ್. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಪ್ರಸಾರ ಮಾಡಬೇಕು. 4ಜಿ ಬಿಟ್ಟು 2ಜಿ, ಮತ್ತೆ 4ಜಿ ಅಂತ ಹಾರಾಡುತ್ತಿದ್ದರೆ ಇನ್ನೂ ಖರ್ಚು. ಮೋಡೆಮ್ಮಿಗೆ ಅದರದ್ದೇ ಪ್ರೊಸೆಸರ್, ಅದರದ್ದೇ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಇರುತ್ತದೆ. ಯಾವ ಕಸ್ಟಮ್ ಕರ್ನಲ್ಲೂ ಅದನ್ನು ಬದಲಿಸುವುದಿಲ್ಲ. ಘಟ್ಟದ ಮೇಲಿನ ನಮ್ಮಂಥ ಊರಿನವರು ಇದನ್ನು ಚೆನ್ನಾಗಿ ನೆನಪಿಡಬೇಕು. ಕಾರವಾರದಲ್ಲೋ ಅಂಕೋಲೆಯಲ್ಲೋ ಟವರ್ ಪಕ್ಕದಲ್ಲಿರುವವರು ಹೇಳುವ ಬ್ಯಾಟರಿ ಲೆಕ್ಕ ನಮಗೆ ಹೊಂದುವುದಿಲ್ಲ.

ಇದು ನಿಮ್ಮ ತೊಂದರೆಯೂ ಆಗಿದ್ದರೆ ಔಷಧ ಸುಲಭ. ಫೋನ್ ಇಡುವ ಜಾಗ ಬದಲಿಸಿ. ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಹೆಚ್ಚಿನ ಫೋನುಗಳಲ್ಲಿ ಕರೆ ಬರುತ್ತದೆ, ಹೋಗುತ್ತದೆ. ಒಂದು ಸಲ ಪಕ್ಕದ ಫೋನಿಂದ ಮಾಡಿ ನೋಡಿಕೊಳ್ಳಿ. ಕಸ್ಟಮ್ ರಾಮ್ (ಕಂಪನಿಯದ್ದಲ್ಲದೆ ಬೇರೆಯವರು ಮಾಡಿದ ಆಂಡ್ರಾಯ್ಡ್) ಹಾಕಿದ ಕೆಲವು ಫೋನುಗಳಲ್ಲಿ ವೈಫೈ ಕಾಲಿಂಗ್ ಕೆಲಸ ಮಾಡುವುದಿಲ್ಲ. ರಾಮ್ ಆರಿಸುವಾಗಲೇ ಇದನ್ನು ವಿಚಾರಿಸಿ.

ಏರೋಪ್ಲೇನ್ ಮೋಡಿನಲ್ಲೂ ರಾತ್ರಿ ಏಳೆಂಟು ಪರ್ಸೆಂಟ್ ಹೋಗುತ್ತಿದ್ದರೆ, ಅಥವಾ ಸ್ಕ್ರೀನ್ ಆನ್ ಇದ್ದಾಗ ಫೋನ್ ಬಿಸಿಯಾಗಿ ಸರಸರ ಇಳಿಯುತ್ತಿದ್ದರೆ, ಆಗ ಕರ್ನಲ್ ಕಡೆ ಬನ್ನಿ.

ಅನ್‌ಲಾಕ್, ರೂಟ್

ಈ ಭಾಗ ಪ್ರತಿ ಕಂಪನಿಗೂ ಬೇರೆ, ಅದಕ್ಕೆ ಇಲ್ಲಿ ಬೆಳೆಸುವುದಿಲ್ಲ. ಶವೋಮಿ ಫೋನಾದರೆ ಖಾತೆ ಜೋಡಿಸಿ ಸಾಮಾನ್ಯವಾಗಿ ಕೆಲವು ದಿನ ಕಾಯಬೇಕು. ಅನ್‌ಲಾಕ್ ಮಾಡಿದ ಕೂಡಲೇ ಫೋನಿನಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ. ಫೋಟೊ, ವಾಟ್ಸಾಪ್ ಮಾತುಕತೆ ಎಲ್ಲವನ್ನೂ ಮೊದಲೇ ತೆಗೆದಿಡಿ. ನೋಟ್ 5 ಪ್ರೊ ಇದ್ದವರಿಗೆ ಒಂದು ಎಚ್ಚರಿಕೆ: ಇದರಲ್ಲಿ ಆಂಟಿ-ರೋಲ್‌ಬ್ಯಾಕ್ ಇದೆ. ಕಂಪನಿಯ ಹಳೇ ಫರ್ಮ್‌ವೇರಿಗೆ ಹಿಂದೆ ಹೋಗಲು ನೋಡಿದರೆ ಫೋನ್ ಏಳದೇ ಹೋಗಬಹುದು.

ಬೂಟ್‌ಲೋಡರ್ ತೆರೆದ ಮೇಲೆ ಟಿಡಬ್ಲ್ಯುಆರ್‌ಪಿ ರಿಕವರಿ (ಆಂಡ್ರಾಯ್ಡಿನ ಹೊರಗೆ ಓಡಿ ಬ್ಯಾಕಪ್ ತೆಗೆಯಲು, ಜಿಪ್ ಹಾಕಲು ಬಳಸುವ ಪ್ರೋಗ್ರಾಂ) ಹಾಕಿ, ರೂಟ್ ಮಾಡುವ ಆಪ್ ಆದ ಮ್ಯಾಜಿಸ್ಕ್‌ನಿಂದ ರೂಟ್ ಮಾಡಿ. ಇದನ್ನೆಲ್ಲ ಕರೆಂಟ್ ಇರುವಾಗ, ಫೋನಿನಲ್ಲಿ 60 ಪರ್ಸೆಂಟಿಗಿಂತ ಜಾಸ್ತಿ ಚಾರ್ಜ್ ಇರುವಾಗ ಮಾಡಿ. ಆಷಾಢದ ಗಾಳಿಮಳೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರಿನಿಂದ ಫ್ಲ್ಯಾಶ್ ಮಾಡಲು (ಫೋನಿನ ಒಳಕ್ಕೆ ಬರೆಯಲು) ಕೂರಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಬ್ಯಾಟರಿ ಗಟ್ಟಿ ಇರುವ ಲ್ಯಾಪ್‌ಟಾಪ್ ಆದರೆ ಚಿಂತೆ ಇಲ್ಲ.

ಕರ್ನಲ್ ಆರಿಸುವುದು, ಹಾಕುವುದು

ಮಾಡೆಲ್ ಹೆಸರು ನೋಡಿ ಆರಿಸಬೇಡಿ, ಕಂಪನಿ ಒಳಗೆ ಬಳಸುವ ಕೋಡ್‌ನೇಮ್ ನೋಡಿ. ನನ್ನ ಫೋನಿನದು ‘ವೈರೆಡ್’. ಒಂದೇ ಥರ ಕಾಣುವ ಎರಡು ಫೋನುಗಳ ಕೋಡ್‌ನೇಮ್ ಬೇರೆ ಇರಬಹುದು. ಆಮೇಲೆ ಆಂಡ್ರಾಯ್ಡ್ ಆವೃತ್ತಿ ಹೊಂದಬೇಕು. ಕಂಪನಿಯದ್ದೇ ಆಂಡ್ರಾಯ್ಡ್ ಆದ ಎಂಐಯುಐಗೆ ಮಾಡಿದ ಕರ್ನಲ್ಲಾ, ಕಸ್ಟಮ್ ರಾಮಿಗೆ ಮಾಡಿದ್ದಾ, ಅದನ್ನೂ ನೋಡಬೇಕು. ಇವು ಹೊಂದದಿದ್ದರೆ ಫೋನ್ ಏಳಬಹುದು, ಆದರೆ ವೈಫೈ ಇರುವುದಿಲ್ಲ, ಇಲ್ಲವೇ ಟಚ್ ಸತ್ತಿರುತ್ತದೆ.

ಸೋರ್ಸ್ ಕೋಡ್ ತೋರಿಸದ ಕರ್ನಲ್ ಹಾಕಲೇಬೇಡಿ. ಕರ್ನಲ್ಲಿಗೆ ಫೋನಿನ ಮೇಲೆ ಪೂರ್ತಿ ಅಧಿಕಾರ ಇರುತ್ತದೆ. ನೀವು ಒತ್ತುವ ಪ್ರತಿ ಅಕ್ಷರವೂ ಅದರ ಮೂಲಕವೇ ಹೋಗುತ್ತದೆ. ಟೆಲಿಗ್ರಾಮಿನಲ್ಲಿ ಯಾರೋ ಹಾಕಿದ ಜಿಪ್ ಫೈಲನ್ನು ನಂಬಿ ಅಷ್ಟು ಅಧಿಕಾರ ಕೊಡುವುದು ತಪ್ಪು. ಹಾಗೆಯೇ ಎಸ್‌ಇಲಿನಕ್ಸನ್ನು (ಆಪ್‌ಗಳು ಮಿತಿ ಮೀರದಂತೆ ತಡೆಯುವ ಕಾವಲು) ‘ಪರ್ಮಿಸಿವ್’, ಅಂದರೆ ಏನನ್ನೂ ತಡೆಯದ ಹಾಗೆ, ಮಾಡಿಟ್ಟ ಕರ್ನಲ್ ಸಹ ಬೇಡ. ಆಂಡ್ರಾಯ್ಡಿನ ದೊಡ್ಡ ರಕ್ಷಣೆಯನ್ನೇ ಅದು ತೆಗೆದುಹಾಕುತ್ತದೆ. ಬ್ಯಾಟರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹಾಕುವ ಮೊದಲು ಟಿಡಬ್ಲ್ಯುಆರ್‌ಪಿಯಲ್ಲಿ ಕರ್ನಲ್ ಇರುವ ಬೂಟ್ ಭಾಗದ ಬ್ಯಾಕಪ್ ತೆಗೆಯಿರಿ. ಹಾರ್ಡ್‌ವೇರಿನ ವಿವರ ಇರುವ ಡಿಟಿಬಿಒ ಭಾಗ ಇದ್ದರೆ ಅದನ್ನೂ ಸೇರಿಸಿ. ಬೂಟ್ ಇಮೇಜಿನ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲೂ ಇರಲಿ. ಈಗಿನ ಹೆಚ್ಚಿನ ಕರ್ನಲ್‌ಗಳು ಎನಿಕರ್ನಲ್ ಜಿಪ್ ರೂಪದಲ್ಲಿ ಬರುತ್ತವೆ. ಅದು ಬೂಟ್ ಇಮೇಜಿನಲ್ಲಿರುವ ಕರ್ನಲ್ ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಬಿಡುವುದರಿಂದ ಮ್ಯಾಜಿಸ್ಕ್ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಜಿಪ್ ಫ್ಲ್ಯಾಶ್ ಮಾಡಿ, ರೀಬೂಟ್ ಮಾಡಿ. ಫೋನ್ ಲೋಗೊದಲ್ಲೇ ಸುತ್ತುತ್ತಿದ್ದರೆ ಹೆದರಬೇಡಿ. ವಾಲ್ಯೂಮ್ ಡೌನ್ ಮತ್ತು ಪವರ್ ಒಟ್ಟಿಗೆ ಒತ್ತಿ ಫಾಸ್ಟ್‌ಬೂಟಿಗೆ (ಕಂಪ್ಯೂಟರಿನಿಂದ ಫೋನಿಗೆ ಬರೆಯುವ ಸ್ಥಿತಿಗೆ) ಹೋಗಿ, ತೆಗೆದಿಟ್ಟ ಬೂಟ್ ಇಮೇಜನ್ನೇ ಮತ್ತೆ ಬರೆಯಿರಿ. ಹೊಸ ಕರ್ನಲ್ ಡಿಟಿಬಿಒ ಭಾಗವನ್ನೂ ಬದಲಿಸಿದ್ದರೆ ಅದರ ಬ್ಯಾಕಪ್ಪನ್ನೂ ಬರೆಯಬೇಕು.

ಎದ್ದ ಮೇಲೆ ಎರಡು ಮೂರು ದಿನ ಏನನ್ನೂ ಬದಲಿಸದೆ ಬಳಸಿ. ಕ್ಯಾಮೆರಾ, ಬ್ಲೂಟೂತ್, ಕರೆ, ಹಾಟ್‌ಸ್ಪಾಟ್ ಎಲ್ಲ ನೋಡಿ. ರಾತ್ರಿಯ ಲೆಕ್ಕ ಮತ್ತೆ ಬರೆದಿಡಿ.

ಹೊಂದಿಸುವುದು

ಕರ್ನಲ್ ಬದಲಿಸಿದ್ದಕ್ಕಿಂತ ಹೆಚ್ಚಿನ ಲಾಭ ಇಲ್ಲಿದೆ. ಸ್ಮಾರ್ಟ್‌ಪ್ಯಾಕ್, ಫ್ರಾಂಕೊ ಕರ್ನಲ್ ಮ್ಯಾನೇಜರ್, ಇಎಕ್ಸ್ ಕರ್ನಲ್ ಮ್ಯಾನೇಜರ್, ಕರ್ನಲ್ ಹೊಂದಿಸುವ ಈ ಆಪ್‌ಗಳಲ್ಲಿ ಯಾವುದಾದರೂ ಒಂದು ಹಾಕಿಕೊಳ್ಳಿ. ಎರಡು ಒಟ್ಟಿಗೆ ಬೇಡ, ಒಂದು ಮಾಡಿದ್ದನ್ನು ಇನ್ನೊಂದು ಅಳಿಸುತ್ತದೆ.

636ರಲ್ಲಿ ಎಂಟು ಕೋರ್. ನಾಲ್ಕು ದೊಡ್ಡವು, 1.8 ಗಿಗಾಹರ್ಟ್ಸ್‌ವರೆಗೆ ಓಡುತ್ತವೆ. ನಾಲ್ಕು ಚಿಕ್ಕವು, 1.6ರವರೆಗೆ. ವೇಗ ಏರಿದಂತೆ ವೋಲ್ಟೇಜೂ ಏರಬೇಕು, ಮತ್ತು ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಾಗಾಗಿ ದೊಡ್ಡ ಕೋರುಗಳ ಕೊನೆಯ ಒಂದೆರಡು ಮೆಟ್ಟಿಲು ಬಹಳ ದುಬಾರಿ. ನಾನು ಅವುಗಳ ಗರಿಷ್ಠ ವೇಗವನ್ನು 1.4ಕ್ಕೆ ನಿಲ್ಲಿಸಿದ್ದೇನೆ. ವಾಟ್ಸಾಪ್, ಕರೆ, ಅಡಿಕೆ ದರ ನೋಡುವುದು, ವಿಡಿಯೊ, ಯಾವುದರಲ್ಲೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕ್ಯಾಮೆರಾ ತೆರೆಯುವುದು ಒಂದು ಚೂರು ನಿಧಾನ.

ಚಿಕ್ಕ ಕೋರುಗಳನ್ನು ಮಾತ್ರ ಕಟ್ಟಿಹಾಕಬೇಡಿ. ಬಹಳ ಜನ ಎಲ್ಲವನ್ನೂ ಕಡಿಮೆಗೆ ಇಳಿಸಿ, ‘ಪವರ್‌ಸೇವ್’ ಗವರ್ನರ್ (ವೇಗ ಎಷ್ಟಿರಬೇಕು ಅಂತ ನಿರ್ಧರಿಸುವ ಭಾಗ) ಹಾಕಿ, ಚಾರ್ಜ್ ಉಳಿಯಲಿಲ್ಲ ಅಂತ ಬೇಜಾರಾಗುತ್ತಾರೆ. ಕೆಲಸ ಬೇಗ ಮುಗಿಸಿ ಮಲಗುವ ಪ್ರೊಸೆಸರ್ ಎಷ್ಟೋ ಸಲ ಕಡಿಮೆ ತಿನ್ನುತ್ತದೆ. ನಿಧಾನಕ್ಕೆ ಎಳೆದರೆ ಅಷ್ಟು ಹೊತ್ತೂ ಮೆಮೊರಿ, ಸ್ಕ್ರೀನ್ ಎಲ್ಲ ಎಚ್ಚರವಾಗಿಯೇ ಇರಬೇಕಲ್ವಾ?

ಗವರ್ನರ್ ‘ಶೆಡ್ಯುಟಿಲ್’ ಇರಲಿ. ಇದು 2016ರಲ್ಲಿ ಲಿನಕ್ಸ್ 4.7ರೊಂದಿಗೆ ಬಂತು. ಕೆಲಸ ಹಂಚುವ ಶೆಡ್ಯೂಲರ್ ಹೇಳುವ ಲೆಕ್ಕವನ್ನೇ ನೋಡಿ ವೇಗ ಹೊಂದಿಸುತ್ತದೆ. ನೋಟ್ 5 ಪ್ರೊದ ಕರ್ನಲ್ 4.4, ಹಾಗಾಗಿ ಕಸ್ಟಮ್ ಕರ್ನಲ್ ಮಾಡುವವರು ಇದನ್ನು ಹಿಂದಕ್ಕೆ ತಂದು ಸೇರಿಸುತ್ತಾರೆ. ಇದರೊಳಗೆ ಎರಡು ಅಂಕಿ ಮುಖ್ಯ. ‘ಅಪ್ ರೇಟ್ ಲಿಮಿಟ್’ ಅಂದರೆ ವೇಗ ಮತ್ತೆ ಏರಿಸುವ ಮೊದಲು ಎಷ್ಟು ಕಾಯಬೇಕು ಅಂತ. ‘ಡೌನ್ ರೇಟ್ ಲಿಮಿಟ್’ ಇಳಿಸುವ ಮೊದಲಿನದು. ಎರಡೂ ಮೈಕ್ರೊಸೆಕೆಂಡಿನಲ್ಲಿ ಇರುತ್ತವೆ. ಏರುವುದು 500 ಇದ್ದರೆ 2000 ಮಾಡಿ ನೋಡಿ. ಇಳಿಯುವುದು 20000 ಇದ್ದರೆ 5000ಕ್ಕೆ ತನ್ನಿ. ಸ್ಕ್ರೋಲ್ ಮಾಡುವಾಗ ತಡವರಿಸಿದರೆ ಸ್ವಲ್ಪ ಹಿಂದೆ ಬನ್ನಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

‘ಇನ್‌ಪುಟ್ ಬೂಸ್ಟ್’ ಅಂತ ಇನ್ನೊಂದಿದೆ. ಸ್ಕ್ರೀನ್ ಮುಟ್ಟಿದಾಗಲೆಲ್ಲ ಪ್ರೊಸೆಸರ್ ವೇಗ ಏರಿಸುವುದು ಇದರ ಕೆಲಸ. ಕೆಲವು ಕರ್ನಲ್‌ಗಳಲ್ಲಿ ಇದನ್ನು ಜೋರಾಗಿಯೇ ಇಟ್ಟಿರುತ್ತಾರೆ. ಅವಧಿಯನ್ನು 40 ಮಿಲಿಸೆಕೆಂಡಿಗೆ ಇಳಿಸಿ, ಬೂಸ್ಟ್ ಚಿಕ್ಕ ಕೋರುಗಳಿಗೆ ಮಾತ್ರ ಇರಲಿ. ಐ/ಒ ಶೆಡ್ಯೂಲರ್, ಝಡ್‌ರಾಮ್, ಟಿಸಿಪಿ ಇವನ್ನು ಬದಲಿಸಿ ಬ್ಯಾಟರಿ ಉಳಿಸುತ್ತೇನೆ ಅಂತ ಹೊರಡಬೇಡಿ. ಅದರಲ್ಲಿ ಸಿಗುವುದು ತೀರಾ ಕಡಿಮೆ.

ಇನ್ನು ನಿದ್ದೆಯ ವಿಷಯ. ಬೆಟರ್‌ಬ್ಯಾಟರಿಸ್ಟ್ಯಾಟ್ಸ್ ಆಪ್‌ನಲ್ಲಿ ಬೆಳಿಗ್ಗೆ ‘ಡೀಪ್ ಸ್ಲೀಪ್’ ಎಷ್ಟು ಹೊತ್ತು ಅಂತ ನೋಡಿ. ರಾತ್ರಿಯ ಬಹುಪಾಲು ಅದರಲ್ಲೇ ಕಳೆದಿರಬೇಕು. ಇಲ್ಲದಿದ್ದರೆ ಕರ್ನಲ್ ವೇಕ್‌ಲಾಕ್ (ಫೋನ್ ಮಲಗದಂತೆ ತಡೆಯುವ ಕೋರಿಕೆ) ಪಟ್ಟಿ ತೆರೆಯಿರಿ. ನನ್ನ ಫೋನಿನಲ್ಲಿ ಮೇಲೆ ನಿಂತಿದ್ದು ‘ಕ್ಯೂಕಾಮ್ ಆರ್‌ಎಕ್ಸ್ ವೇಕ್‌ಲಾಕ್’. ಇದು ವೈಫೈ ಡ್ರೈವರಿನದು. ಹೊರಗಿಂದ ಪ್ಯಾಕೆಟ್ ಬಂದಾಗ ಫೋನನ್ನು ಎಬ್ಬಿಸುತ್ತದೆ. ಮನೆಯ ಟಿವಿ ಬಾಕ್ಸ್ ರಾತ್ರಿಯಿಡೀ ಆನ್ ಇದ್ದು, ಎಲ್ಲ ಸಾಧನಗಳಿಗೂ ಕೇಳಿಸುವ ಹಾಗೆ ಪ್ಯಾಕೆಟ್ ಕಳಿಸುತ್ತಿತ್ತು. ಟಿವಿ ಬಾಕ್ಸಿನ ಸ್ವಿಚ್ ಆಫ್ ಮಾಡಿದ ರಾತ್ರಿ ಆ ಹೆಸರು ಪಟ್ಟಿಯಲ್ಲಿ ಕೆಳಗೆ ಹೋಯಿತು. ಹಲವು ಕರ್ನಲ್‌ಗಳಲ್ಲಿ ವೇಕ್‌ಲಾಕ್ ಬ್ಲಾಕರ್ ಇರುತ್ತದೆ, ಅದರಿಂದಲೂ ಇದನ್ನು ತಡೆಯಬಹುದು. ಆದರೆ ಆಗ ವೈಫೈ ಮೂಲಕ ಬರುವ ಮೆಸೇಜ್, ಕರೆ ತಡವಾಗಬಹುದು. ವೈಫೈ ಕಾಲಿಂಗನ್ನೇ ನಂಬಿದ ಮನೆಯಲ್ಲಿ ತಡೆಯದಿರುವುದೇ ಒಳ್ಳೆಯದು. ಅಲಾರಂ, ಆರ್‌ಟಿಸಿ, ಚಾರ್ಜರ್ ಅಂತ ಹೆಸರಿರುವ ವೇಕ್‌ಲಾಕ್ ಯಾವುದನ್ನೂ ಮುಟ್ಟಬೇಡಿ.

ಏನೇ ಬದಲಿಸಿದರೂ ‘ಅಪ್ಲೈ ಆನ್ ಬೂಟ್’ ಅನ್ನು ಒಂದು ವಾರ ಆಫ್ ಇಡಿ. ಹೊಂದದಿದ್ದರೆ ರೀಬೂಟ್ ಮಾಡಿದರೆ ಸಾಕು, ಎಲ್ಲ ಮೊದಲಿನಂತೆ ಆಗುತ್ತದೆ.

ನನ್ನ ಫೋನ್ ಮೊದಲು ಸಂಜೆಗೇ ಚಾರ್ಜರ್ ಕೇಳುತ್ತಿತ್ತು. ಈಗ ಮಾರನೇ ದಿನ ಮಧ್ಯಾಹ್ನದವರೆಗೆ ಬರುತ್ತದೆ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಫೋನ್ ಇಡುವ ಜಾಗ ಬದಲಿಸಿದ್ದು ಮತ್ತು ರಾತ್ರಿಯ ನಿದ್ದೆ ಸರಿಯಾದದ್ದು. ಉಳಿದದ್ದು ಕರ್ನಲ್.

ಆಂಡ್ರಾಯ್ಡ್ 12 ಮತ್ತು 5.10 ಕರ್ನಲ್ಲಿನೊಂದಿಗೆ ಬಂದ ಫೋನುಗಳಿಂದ ಲೆಕ್ಕ ಬೇರೆ. ಅವುಗಳಲ್ಲಿ ಗೂಗಲ್ಲಿನ ಜಿಕೆಐ ವ್ಯವಸ್ಥೆ ಇದೆ. ತಿರುಳು ಎಲ್ಲ ಫೋನುಗಳಿಗೂ ಒಂದೇ, ಚಿಪ್ ಕಂಪನಿಯ ಡ್ರೈವರುಗಳು ಬೇರೆ ಮಾಡ್ಯೂಲ್‌ಗಳಾಗಿ ಇರುತ್ತವೆ. ಅಲ್ಲಿ ಕರ್ನಲ್ ಬದಲಿಸಿದರೂ ಹೊಂದಿಸಲು ಸಿಗುವ ಜಾಗ ಕಡಿಮೆ. ಅಂಥ ಫೋನ್ ಇದ್ದವರು ಅಳೆಯುವ ಭಾಗ ಮಾತ್ರ ಮಾಡಿ, ರೂಟ್ ಬಿಟ್ಟುಬಿಡಿ ಅನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಚಾರ್ಜ್ ಮಿತಿಯ ಬಗ್ಗೆ. ರೂಟ್ ಇದ್ದರೆ 80 ಪರ್ಸೆಂಟಿಗೆ ಚಾರ್ಜಿಂಗ್ ನಿಲ್ಲಿಸಬಹುದು, ಎಸಿಸಿ ಎಂಬ ಮ್ಯಾಜಿಸ್ಕ್ ಮಾಡ್ಯೂಲ್ ಅದಕ್ಕೇ ಇದೆ. ಬ್ಯಾಟರಿ ನಿಧಾನಕ್ಕೆ ಸವೆಯುತ್ತದೆ. ದೀಪಾವಳಿಯಿಂದ ಮೇ ತನಕ ಹಾಗೇ ಇಡುತ್ತೇನೆ. ಮಳೆ ಹಿಡಿಯುವ ಹೊತ್ತಿಗೆ ಮಿತಿ ತೆಗೆದು 100ಕ್ಕೆ ಬಿಡುತ್ತೇನೆ. ಆ ನಾಲ್ಕು ತಿಂಗಳು ಕರೆಂಟ್ ಇದ್ದಾಗಲೆಲ್ಲ ಫೋನ್ ಚಾರ್ಜಿಗೇ ಇರುತ್ತದೆ.