ರಂಗೀನ್ ಮಹಲಿನಲ್ಲಿ ಬೋರ್ಡು ಓದುವ ಮೊದಲು

ನಾನು ಬೀದರ್‌ನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಇಸವಿ, ರಾಜವಂಶ ಎಲ್ಲ ಸಮಾಜ ವಿಜ್ಞಾನದ ಸರ್ ಹೇಳಿಕೊಡುತ್ತಾರೆ. ಅವರಿಗೆ ಅದು ಚೆನ್ನಾಗಿ ಬರುತ್ತದೆ. ನನಗೆ ಬೇಕಾಗಿರುವುದು ಮಕ್ಕಳು ಅಲ್ಲಿ ಏನನ್ನಾದರೂ ನಿಜವಾಗಿ ನೋಡಿ ಬರಬೇಕು ಅನ್ನುವುದಷ್ಟೇ.

ಕೋಟೆಗೆ ಬರುವವರಲ್ಲಿ ಹೆಚ್ಚಿನವರು ಹೇಗೆ ನೋಡುತ್ತಾರೆ ಗೊತ್ತಲ್ಲ. ಬುರುಜಿನ ಮೇಲಿನ ತೋಪಿನ ಹತ್ತಿರ ಒಂದು ಫೋಟೊ, ಸೋಲಾ ಖಂಬ ಮಸೀದಿ ಮುಂದೆ ಒಂದು ಫೋಟೊ, ವಸ್ತುಸಂಗ್ರಹಾಲಯದಲ್ಲಿ ಸುಮ್ನೆ ಒಂದು ಸುತ್ತು. ರಂಗೀನ್ ಮಹಲ್‌ಗೆ ಬೀಗ ಇದ್ದರೆ ಹೊರಗಿನಿಂದಲೇ ಇಣುಕಿ ವಾಪಸ್. ನನ್ನ ಲೆಕ್ಕದಲ್ಲಿ ಇಡೀ ಕೋಟೆಯಲ್ಲಿ ನೋಡಲೇಬೇಕಾದ್ದು ಆ ಬೀಗದ ಹಿಂದೆಯೇ ಇದೆ. ಅದು ಮನೆ. ಅರಸನದ್ದೇ ಆದರೂ ಮನೆ. ಮನೆಯನ್ನು ಮೊದಲು ಮನೆಯಾಗಿ ನೋಡಬೇಕು. ಬೋರ್ಡು, ಗಾಜಿನ ಪೆಟ್ಟಿಗೆ, ಪ್ರದರ್ಶನಕ್ಕೆಂದು ತಂದಿಟ್ಟ ಫೋಟೊ ಎಲ್ಲ ಆಮೇಲೆ. ನನ್ನ ಪಾಠ ಇಷ್ಟೇ. ಆದರೆ ಇದನ್ನು ನಡೆಸಲು ಸ್ವಲ್ಪ ತಯಾರಿ ಬೇಕು.

ಮೊದಲನೆಯದು ಬೀಗದ ವಿಷಯ. ಮಹಲಿನ ಒಳಭಾಗ ಎಲ್ಲ ಹೊತ್ತಿನಲ್ಲೂ ತೆರೆದಿರುವುದಿಲ್ಲ. ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿದರೆ ಸಿಬ್ಬಂದಿ ಬಂದು ತೆರೆಯುತ್ತಾರೆ. ನಾನು ಹಿಂದಿನ ವಾರವೇ ಒಬ್ಬನೇ ಹೋಗಿ, ಮುಖ್ಯೋಪಾಧ್ಯಾಯರ ಪತ್ರ ಕೊಟ್ಟು, ಯಾವ ದಿನ, ಎಷ್ಟು ಮಕ್ಕಳು ಅಂತ ಹೇಳಿ ಬರುತ್ತೇನೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಹಾಗಾಗಿ ಆ ದಿನ ಬೇಡ. ಕಾವಲಿನವರ ಜೊತೆ ಎರಡು ಮಾತಾಡಿ, ಒಟ್ಟಿಗೆ ಚಹಾ ಕುಡಿದು ಬಂದರೆ ಇನ್ನೂ ಒಳ್ಳೆಯದು. ಅವರು ದಿನವೂ ಅದೇ ಗೋಡೆಗಳ ನಡುವೆ ಇರುವವರು. ಯಾವ ಹೊತ್ತಿಗೆ ಯಾವ ಕೋಣೆಯಲ್ಲಿ ಬೆಳಕು ಚೆನ್ನಾಗಿರುತ್ತದೆ ಅನ್ನುವುದು ಯಾವ ಬೋರ್ಡಿನಲ್ಲೂ ಸಿಗುವುದಿಲ್ಲ, ಅವರ ಬಾಯಲ್ಲಿ ಸಿಗುತ್ತದೆ.

ಎರಡನೆಯದು ಸಾಮಾನು. ಬ್ಯಾಗುಗಳೆಲ್ಲ ಬಸ್ಸಿನಲ್ಲೇ ಇರಲಿ. ಮಕ್ಕಳು ತಿರುಗುವಾಗ ಬೆನ್ನಿನ ಬ್ಯಾಗು ಗೋಡೆಗೆ ಉಜ್ಜುತ್ತದೆ. ಕೈಯಲ್ಲಿ ಒಂದು ರಟ್ಟು, ಎರಡು ಬಿಳಿ ಡ್ರಾಯಿಂಗ್ ಹಾಳೆ, ಒಂದು ಪೆನ್ಸಿಲ್ ಸಾಕು. ಪೆನ್ನು ಬೇಡ. ಶಾಯಿ ಕಲ್ಲಿನ ಮೇಲೆ ಬಿದ್ದರೆ ಹೋಗುವುದಿಲ್ಲ.

ದಾರಿಯನ್ನೂ ನಾನು ಬೇರೆ ಮಾಡಿಕೊಂಡಿದ್ದೇನೆ. ಹುಲಿಗಳ ಕೆತ್ತನೆ ಇರುವ ಶರ್ಜಾ ದರ್ವಾಜಾ, ಆಮೇಲೆ ಗುಂಬದ್ ದರ್ವಾಜಾ. ಅದನ್ನು ದಾಟಿದರೆ ರಂಗೀನ್ ಮಹಲ್ ಹತ್ತಿರದಲ್ಲೇ ಇದೆ. ಅನೇಕರು ಇದನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ಸುಸ್ತಾದ ಮೇಲೆ ಇಲ್ಲಿಗೆ ಬರುತ್ತಾರೆ. ನಾವು ಇದನ್ನೇ ಮೊದಲು ನೋಡುತ್ತೇವೆ. ಕಣ್ಣು ಹೊಸದಾಗಿರುವಾಗಲೇ ಸಣ್ಣ ಕೆಲಸಗಳನ್ನು ನೋಡಬೇಕು. ದೊಡ್ಡ ಕಮಾನುಗಳನ್ನು ಸುಸ್ತಾದಾಗಲೂ ನೋಡಬಹುದು.

ಒಳಗೆ ಹೋಗುವ ಮೊದಲು ಈ ಮನೆಯಲ್ಲಿ ಯಾರಿದ್ದರು ಅಂತ ನಾಲ್ಕು ಮಾತು ಹೇಳುತ್ತೇನೆ. ಬಹಮನಿ ರಾಜ್ಯ ಒಡೆದು ಐದಾಯಿತು: ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೇರಾರ್, ಬೀದರ್. ನಮ್ಮದು ಚಿಕ್ಕದು. 1542ರಿಂದ 1580ರವರೆಗೆ ಇಲ್ಲಿ ಆಳಿದವನು ಅಲಿ ಬರೀದ್ ಶಾ. ಈ ಮಹಲಿಗೆ ಈಗಿನ ರೂಪ ಕೊಟ್ಟವನು ಅವನೇ. 1565ರ ರಕ್ಕಸ-ತಂಗಡಿ ಕದನದಲ್ಲಿ ವಿಜಯನಗರದ ವಿರುದ್ಧ ನಿಂತವರಲ್ಲಿ ಅವನೂ ಒಬ್ಬ. ಈ ಮಾತು ಬಂದ ಕೂಡಲೇ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಪಾಠದ ಪುಸ್ತಕದಲ್ಲಿ ಓದಿದ ಕದನಕ್ಕೆ ಹೋದವನ ಹೊಸ್ತಿಲು ಇದು ಅಂದರೆ ಸುಮ್ನೇನಾ?

ಹೊರಗಿನಿಂದ ಮಹಲು ಸಾದಾ ಕಾಣುತ್ತದೆ. ಯಾರೋ ಒಬ್ಬ ಹುಡುಗ ಪ್ರತಿ ಸಲವೂ ಕೇಳುತ್ತಾನೆ, 'ಇಷ್ಟೇ ಏನ್ರೀ ಸರ್?' ಅಂತ. ಒಳ್ಳೆಯ ಪ್ರಶ್ನೆಯೇ. ಹೌದು, ಹೊರಗೆ ಇಷ್ಟೇ. ಇದಕ್ಕಿಂತ ನೂರು ವರ್ಷ ಹಿಂದಿನ ಬಹಮನಿಗಳ ತಖ್ತ್ ಮಹಲ್ ಇದೇ ಕೋಟೆಯಲ್ಲಿದೆ. ಅದರ ಕಮಾನು ನೋಡಬೇಕಾದರೆ ಕತ್ತು ಎತ್ತಬೇಕು. ಇಲ್ಲಿ ಹಾಗಲ್ಲ, ಹತ್ತಿರ ಹೋಗಬೇಕು. ರಾಜ್ಯ ಚಿಕ್ಕದಾದ ಕಾಲಕ್ಕೆ ಕೆಲಸವೂ ಸೂಕ್ಷ್ಮವಾಯಿತೇನೋ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ ಅಷ್ಟೇ, ಪರೀಕ್ಷೆಯಲ್ಲಿ ಬರೆಯಬೇಡಿ ಅಂತ ಮಕ್ಕಳಿಗೂ ಹೇಳಿದ್ದೇನೆ.

ಅಂಗಳಕ್ಕೆ ಬಂದ ಕೂಡಲೇ ಎಲ್ಲರನ್ನೂ ಕೂರಿಸುತ್ತೇನೆ. ಚಿತ್ರ ಬಿಡಿಸುವುದಿಲ್ಲ, ಫೋಟೊ ಇಲ್ಲ. ಸ್ವಲ್ಪ ಹೊತ್ತು ಕೂತು ನೋಡುವುದು. ಆಮೇಲೆ ಕೇಳುತ್ತೇನೆ: ನೀರು ಎಲ್ಲಿಂದ ಬರುತ್ತಿತ್ತು? ಬೆಳಕು ಯಾವ ಕಡೆಯಿಂದ? ಹೊರಗಿನವರು ಎಲ್ಲಿಯವರೆಗೆ ಬರಬಹುದಿತ್ತು, ಮನೆಯವರು ಮಾತ್ರ ಎಲ್ಲಿಗೆ ಹೋಗುತ್ತಿದ್ದರು? ಎಲ್ಲಿ ಕೂತರೆ ಯಾರು ಯಾರಿಗೆ ಕಾಣುತ್ತಾರೆ?

ಇವು ಯಾವ ಮನೆಗೂ ಕೇಳಬಹುದಾದ ಪ್ರಶ್ನೆಗಳು. ಮಕ್ಕಳಿಗೆ ಉತ್ತರ ತಾನಾಗಿ ಹೊಳೆಯುತ್ತದೆ. ಅಂಗಳದ ನೀರಿನ ತೊಟ್ಟಿ ನೋಡುತ್ತಾರೆ. ಕಂಬಗಳ ಪಡಸಾಲೆ ಅಂಗಳಕ್ಕೆ ತೆರೆದುಕೊಂಡಿದೆ, ಅದರ ಹಿಂದಿನ ಕೋಣೆ ಕತ್ತಲು ಅಂತ ಗಮನಿಸುತ್ತಾರೆ. ಒಮ್ಮೆ ಒಬ್ಬ ಹುಡುಗಿ ಕೇಳಿದಳು, 'ಸರ್, ಇಲ್ಲಿ ಅಡಗಿ ಮನಿ ಎಲ್ಲದ ರೀ?' ಉಳಿದವರೆಲ್ಲ ನಕ್ಕರು. ನನಗೆ ಖುಷಿಯಾಯಿತು. ಅರಮನೆಯನ್ನು ಮನೆ ಅಂತ ಅವಳು ಒಪ್ಪಿಕೊಂಡಾಗಿತ್ತು. ಅಡುಗೆಮನೆ ನನಗೂ ತೋರಿಸಲು ಆಗಲಿಲ್ಲ. ಆದರೆ ಅವತ್ತು ಅರ್ಧ ತರಗತಿ ಗೋಡೆಗಳಲ್ಲಿ ಮಸಿ ಹುಡುಕುತ್ತಾ ಓಡಾಡಿತು. ಅಷ್ಟು ಶ್ರದ್ಧೆಯಿಂದ ಗೋಡೆ ನೋಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಕಂಬಗಳು. ಪಡಸಾಲೆಯ ಕಂಬಗಳು ಮರದವು. ಮೇಲಿನ ಬೋದಿಗೆಗಳಲ್ಲಿ ಎಷ್ಟು ಕೆತ್ತನೆ ಅಂದರೆ ಎಲ್ಲವನ್ನೂ ಒಟ್ಟಿಗೆ ನೋಡಲು ಹೋದರೆ ಏನೂ ಕಾಣುವುದಿಲ್ಲ. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಗೇಣು ಜಾಗ ಹಂಚುತ್ತೇನೆ. ಅಷ್ಟನ್ನೇ ಬಿಡಿಸಬೇಕು. ಚಿತ್ರ ಚೆನ್ನಾಗಿ ಬರಬೇಕು ಅಂತ ಏನಿಲ್ಲ. ಬಳ್ಳಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ತಿರುಗುತ್ತದೆ ಅಂತ ಕೈಗೆ ಗೊತ್ತಾಗಬೇಕು. ಬಿಡಿಸುತ್ತಾ ಹೋದಂತೆ ಯಾರಾದರೂ ಹೇಳುತ್ತಾರೆ: ಇದು ನಮ್ಮೂರ ಹಳೇ ವಾಡೆಯ ಕಂಬದ ಹಾಗೆಯೇ ಇದೆ ಅಂತ. ಸರಿಯಾಗಿಯೇ ಹೇಳುತ್ತಾರೆ. ಮರದಲ್ಲಿ ಈ ಕಡೆಯ ಬಡಗಿಗಳ ಕೈ ಕಾಣುತ್ತದೆ. ಒಳಬಾಗಿಲ ಸುತ್ತ ನೋಡಿದರೆ ಪರ್ಶಿಯನ್ ಸಾಲುಗಳು, ಬಣ್ಣಬಣ್ಣದ ಟೈಲ್ಸ್. ಒಂದೇ ಮನೆಯಲ್ಲಿ ಎರಡು ಕಡೆಯ ಕಸಬು. ಇದನ್ನು ನಾನು ಭಾಷಣ ಮಾಡಿ ಹೇಳುವುದಿಲ್ಲ. ಕಂಬ ಬಿಡಿಸಿದವನನ್ನು ಬಾಗಿಲ ಹತ್ತಿರ ಕಳಿಸುತ್ತೇನೆ, ಬಾಗಿಲು ಬಿಡಿಸಿದವಳನ್ನು ಕಂಬದ ಹತ್ತಿರ ಕಳಿಸುತ್ತೇನೆ. ಸಾಕು.

ಈಗ ಕಪ್ಪು ಕಲ್ಲು. ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ. ನುಣ್ಣಗೆ ಉಜ್ಜಿದ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಸಣ್ಣ ಸಣ್ಣ ಕಚ್ಚು ತೆಗೆದು ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಬಳ್ಳಿ, ಹೂವು, ಅಕ್ಷರ ಎಲ್ಲ ಚಿಪ್ಪಿನಲ್ಲೇ. ಕೋಣೆ ಸ್ವಲ್ಪ ಮಬ್ಬು. ನೇರ ಎದುರಿಗೆ ನಿಂತರೆ ಚಿಪ್ಪು ಬರೀ ಬಿಳಿ ಕಾಣುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ತಲೆ ಸ್ವಲ್ಪ ವಾಲಿಸಿದರೆ ಅದರಲ್ಲಿ ತೆಳು ಹಸಿರು, ಗುಲಾಬಿ ಬಣ್ಣ ಓಡುತ್ತದೆ. ಮೊಬೈಲ್ ಟಾರ್ಚು ಹಾಕಿದರೆ ಇದು ಸಿಗುವುದಿಲ್ಲ. ಟಾರ್ಚಿನ ಬೆಳಕು ಒಂದೇ ಕಡೆ ಬಿದ್ದು, ನುಣುಪು ಕಲ್ಲಿನಿಂದ ಹೊಡೆದು ಕಣ್ಣಿಗೆ ಬರುತ್ತದೆ.

ಎರಡನೇ ಡ್ರಾಯಿಂಗ್ ಹಾಳೆ ಬೇಕಾಗುವುದು ಇಲ್ಲಿ. ಒಬ್ಬರು ಬಾಗಿಲ ಹತ್ತಿರ ನಿಂತು ಬಿಳಿ ಹಾಳೆಯನ್ನು ಹೊರಗಿನ ಬೆಳಕಿಗೆ ಒಡ್ಡಿ, ನಿಧಾನಕ್ಕೆ ಗೋಡೆಯ ಕಡೆ ತಿರುಗಿಸುತ್ತಾರೆ. ಹಾಳೆಯಿಂದ ಮೃದುವಾದ ಬೆಳಕು ಚಿಪ್ಪಿನ ಮೇಲೆ ಹರಡುತ್ತದೆ. ಫೋಟೊ ತೆಗೆಯುವವರಿಗೆ ಈ ಉಪಾಯ ಗೊತ್ತಿರುತ್ತದೆ. ಖರ್ಚಿಲ್ಲ, ಗೋಡೆಗೂ ತೊಂದರೆ ಇಲ್ಲ. ಹಾಳೆ ಹಿಡಿಯುವ ಕೆಲಸಕ್ಕೆ ಮಕ್ಕಳಲ್ಲಿ ಜಗಳವೇ ಆಗುತ್ತದೆ, ಸರದಿ ಮಾಡಬೇಕು.

ಮುಟ್ಟಬಾರದು ಅಂತ ಬೋರ್ಡು ಇದ್ದರೆ ಮಕ್ಕಳಿಗೆ ಮುಟ್ಟುವ ಆಸೆ ಇನ್ನೂ ಜಾಸ್ತಿ, ಅಲ್ವಾ? ಬರೀ ಬೇಡ ಅನ್ನುವ ಬದಲು ನಾನು ಕಾರಣ ಹೇಳುತ್ತೇನೆ. ನಮ್ಮ ಬೆರಳಲ್ಲಿ ಎಣ್ಣೆ ಇದೆ, ಬೆವರಿದೆ. ಒಬ್ಬರು ಮುಟ್ಟಿದರೆ ಏನೂ ಕಾಣುವುದಿಲ್ಲ. ಬಂದವರೆಲ್ಲ ಮುಟ್ಟಿದರೆ ಹೊಳಪು ಹೋಗುತ್ತದೆ, ಸಡಿಲವಾದ ಚೂರು ಉದುರುತ್ತದೆ. ಎಷ್ಟೋ ಕಡೆ ಚಿಪ್ಪು ಹೋಗಿ ಬರೀ ಕಚ್ಚು ಉಳಿದಿದೆ. ಆ ಖಾಲಿ ಕಚ್ಚುಗಳನ್ನೂ ನೋಡಿಸುತ್ತೇನೆ. ಕೆಲಸ ಹೇಗೆ ಮಾಡಿದ್ದರು ಅನ್ನುವುದು ಅಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ವಸ್ತುಸಂಗ್ರಹಾಲಯಕ್ಕೆ ಬರುವುದು ಇದಾದ ಮೇಲೆ. ಅದು ಇರುವುದು ಹಳೆಯ ಶಾಹಿ ಹಮಾಮಿನಲ್ಲಿ, ಅಂದರೆ ಅರಮನೆಯ ಸ್ನಾನಗೃಹದಲ್ಲಿ. ಇಲ್ಲೂ ಅದೇ ಕ್ರಮ. ಮೊದಲು ಚಾವಣಿ ನೋಡಿ, ಗೋಡೆಯ ದಪ್ಪ ನೋಡಿ, ಆಮೇಲೆ ಸಾಮಾನು. ಕಲ್ಲಿನ ವಿಗ್ರಹಗಳು, ಹಳೆಯ ಆಯುಧಗಳು ಇವೆ. ಎಲ್ಲವನ್ನೂ ನೋಡಿ ಅಂತ ನಾನು ಹೇಳುವುದಿಲ್ಲ. ಒಬ್ಬೊಬ್ಬರು ಒಂದು ವಸ್ತು ಆರಿಸಿಕೊಂಡು, ಅದು ಈ ಸ್ನಾನದ ಕೋಣೆಯದ್ದೋ ಬೇರೆ ಕಡೆಯಿಂದ ಬಂದದ್ದೋ ಅಂತ ಯೋಚಿಸಬೇಕು. ಹುಡುಗರೆಲ್ಲ ಕತ್ತಿಯ ಮುಂದೆ ನಿಲ್ಲುತ್ತಾರೆ. ನಿಲ್ಲಲಿ ಬಿಡಿ.

ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಆಗ ಸ್ಮಾರಕಗಳಲ್ಲಿ ಫೋಟೊ ಪ್ರದರ್ಶನ ಇಡುವುದುಂಟು. ನಾನು ಸಾಧ್ಯವಾದಾಗ ಭೇಟಿಯನ್ನು ಆ ವಾರಕ್ಕೇ ಇಟ್ಟುಕೊಳ್ಳುತ್ತೇನೆ. ಆದರೆ ಇಂಥ ಪ್ರದರ್ಶನ ನೋಡುವುದಕ್ಕೆ ಒಂದು ತೊಡಕಿದೆ. ಹಳೆಯ ಕಟ್ಟಡದಲ್ಲಿ ಹೊಳೆಯುವ ಫ್ಲೆಕ್ಸ್ ಹಾಕಿದರೆ ಕಣ್ಣೆಲ್ಲ ಅದರ ಮೇಲೆ ಹೋಗುತ್ತದೆ. ಒಂದು ಕಡೆ, ಊರಿನ ಹೆಸರು ಬೇಡ, ಚೆಂದದ ಕೆತ್ತನೆಯ ಗೋಡೆಗೇ ಒರಗಿಸಿ ಫಲಕ ನಿಲ್ಲಿಸಿದ್ದರು. ಅದೇ ಕೆತ್ತನೆಯ ಫೋಟೊ ಆ ಫಲಕದಲ್ಲಿ ಇತ್ತು. ಜನ ಫೋಟೊ ನೋಡಿ ಹೊಗಳಿ ಹೋಗುತ್ತಿದ್ದರು.

ಅದಕ್ಕೆ ನಾನು ಫಲಕಗಳನ್ನು ಸಾಲಾಗಿ ಓದಿಸುವುದಿಲ್ಲ. ನಮ್ಮ ಕೋಟೆಯ ಹಳೆಯ ಫೋಟೊ ಇದ್ದರೆ ಅದೊಂದನ್ನು ಹಿಡಿಯುತ್ತೇನೆ. ಫೋಟೊ ತೆಗೆದವನು ಎಲ್ಲಿ ನಿಂತಿದ್ದ ಅಂತ ಮಕ್ಕಳು ಹುಡುಕಬೇಕು. ಕಮಾನು ಕಮಾನಿಗೆ ಹೊಂದಬೇಕು, ಗೋಡೆಯ ಅಂಚು ಮರೆಯಾಗುವ ಜಾಗ ಒಂದೇ ಇರಬೇಕು. ಹಿಂದೆ ಮುಂದೆ ಸರಿಯುತ್ತಾ, 'ಸರ್, ಇಲ್ಲೇ ನೋಡ್ರಿ!' ಅಂತ ಕೂಗುತ್ತಾರೆ. ಜಾಗ ಸಿಕ್ಕ ಮೇಲೆ ಆಗ ಏನಿತ್ತು, ಈಗ ಏನಿಲ್ಲ ಅಂತ ಬರೆದುಕೊಳ್ಳುವುದು. ಮರ ಬೆಳೆದದ್ದು, ಗಾರೆ ಹಚ್ಚಿದ್ದು, ಕಲ್ಲು ಬಿದ್ದದ್ದು ಎಲ್ಲ ಸಿಗುತ್ತದೆ. ಬೇರೆ ಊರಿನ ಸ್ಮಾರಕಗಳ ಫಲಕಗಳಿದ್ದರೆ ಅವನ್ನು ಬೇಗ ಮುಗಿಸುತ್ತೇವೆ.

ಕೋಟೆ ಮುಗಿದ ಮೇಲೆ ಊರ ನಡುವಿನ ಚೌಬಾರಾ ಗೋಪುರದ ಕಡೆ ಒಂದು ಬಿದ್ರಿ ಕಾರ್ಖಾನೆಗೆ ಹೋಗುತ್ತೇವೆ. ಇದು ಪ್ರವಾಸದ ಬಾಲಂಗೋಚಿ ಅಲ್ಲ. ಕಪ್ಪು ಕಲ್ಲಿನಲ್ಲಿ ಬಿಳಿ ಚಿಪ್ಪು ನೋಡಿ ಬಂದ ಮಕ್ಕಳಿಗೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವುದನ್ನು ಅದೇ ದಿನ ತೋರಿಸಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಜ್ಜಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೆರೆ ಕಾಣಲಿ ಅಂತ. ಆಮೇಲೆ ಉಳಿಯಿಂದ ಕೆತ್ತಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಯ ಕಪ್ಪು ಬರುವುದು ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ನೀರಿನಿಂದ. ಅದರಲ್ಲಿ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಬೆಳಿಗ್ಗೆ ಖಾಲಿ ಕಚ್ಚು ನೋಡಿದ್ದ ಹುಡುಗ ಇಲ್ಲಿ ಉಳಿಯ ಮುಂದೆ ಕೂತರೆ ಏಳುವುದೇ ಇಲ್ಲ. ಬಿದ್ರಿಗೆ 2006ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂತು, 2023ರಲ್ಲಿ ನಮ್ಮೂರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇದನ್ನು ಕಾರ್ಖಾನೆಯವರೇ ನಮಗಿಂತ ಮೊದಲು ಹೇಳಿಬಿಡುತ್ತಾರೆ.

ಶಾಲೆಯ ಗುಂಪಿಲ್ಲದೆ ಮನೆಯವರ ಜೊತೆ ಬರುವವರಿಗೂ ಇದೇ ಕ್ರಮ ನಡೆಯುತ್ತದೆ. ಕಲಬುರಗಿಯಿಂದ ಸುಮಾರು 110 ಕಿ.ಮೀ. ಬಸ್ಸಿದೆ, 2017ರಿಂದ ರೈಲೂ ಇದೆ. ನನ್ನ ಷಡ್ಕ ಕಲಬುರಗಿಯಿಂದ ಬಂದಾಗಲೆಲ್ಲ ಒಂದೇ ದಿನದಲ್ಲಿ ಕೋಟೆ, ಮದರಸಾ, ಅಷ್ಟೂರಿನ ಗುಮ್ಮಟಗಳು, ನಾನಕ್ ಝೀರಾ ಎಲ್ಲ ಆಗಬೇಕು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕೋಟೆಯ ದಿನ ಕೋಟೆ ಮಾತ್ರ. ಮಹಮೂದ್ ಗವಾನನ ಮದರಸಾ 1472ರದ್ದು, ಮುಂಭಾಗ ಪೂರ್ವಕ್ಕಿದೆ. ಅಲ್ಲಿ ಉಳಿದಿರುವ ಬಣ್ಣದ ಟೈಲ್ಸ್ ನೋಡಬೇಕಾದರೆ ಬೆಳಗಿನ ಬಿಸಿಲು ಬೇಕು. ರಾತ್ರಿ ನಮ್ಮಲ್ಲೇ ಉಳಿದು, ಮರುದಿನ ತಿಂಡಿಗೆ ಮೊದಲೇ ಹೊರಡಿ ಅಂತ ಹೇಳುತ್ತೇನೆ.